ಕುರಿ ಜಪ್ತಿಯಾದ ಚಳಿಗಾಲ

ಪುಣೆಯ ಕೋಥರೂಡದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಮೊನ್ನೆ ದೊಡ್ಡ ಗಲಾಟೆ. ಮೇಲಿನ ಮಹಡಿಯವರೊಬ್ಬರು ಟೆರೇಸಿನ ಕುಂಡಗಳಿಗೆಂದು ಕುರಿಗೊಬ್ಬರ ತರಿಸಿದ್ದರು. ಚೀಲದ ಬಾಯಿ ಬಿಚ್ಚಿಕೊಂಡು ಲಿಫ್ಟಿನ ತುಂಬ ಹಿಕ್ಕೆ ಉರುಳಾಡಿತ್ತು. ಒಬ್ಬರು ಮೂಗಿಗೆ ಕರವಸ್ತ್ರ ಹಿಡಿದರು, ಇನ್ನೊಬ್ಬರು ಮಂಡಿನೋವು ಮರೆತು ಮೆಟ್ಟಿಲು ಹತ್ತಿದರು, ಮತ್ತೊಬ್ಬರು ಸೊಸೈಟಿಯ ವಾಟ್ಸಪ್ ಗುಂಪಿಗೆ ಫೋಟೊ ಹಾಕಿದರು. ನಾನು ಅದೇ ಲಿಫ್ಟಿನಲ್ಲಿ ಮನೆಗೆ ಹೋಗಿ, ಏನೋ ಮರೆತವಳಂತೆ ಕೆಳಗಿಳಿದು, ಮತ್ತೊಮ್ಮೆ ಮೇಲೆ ಹೋದೆ. ವಾಚ್‌ಮನ್ ಅನುಮಾನದಿಂದ, "ತಬಿಯತ್ ಠೀಕ್ ಆಹೆ ನಾ, ಮ್ಯಾಡಂ?" ಎಂದು ಕೇಳಿದ. ತಬಿಯತ್ತು ಅಷ್ಟು ಚೆನ್ನಾಗಿದ್ದು ಬಹಳ ದಿನವಾಗಿತ್ತು.

ಆ ವಾಸನೆಯೆಂದರೆ ನನಗೆ ಕಾಕಾನ ಹೊಲದಲ್ಲಿ ಕಳೆದ ಒಂದು ಚಳಿಗಾಲ. ಯೆರವಡಾದ ನನ್ನ ಕಚೇರಿ ಮುಚ್ಚಿ, ಹೊಸ ಕೆಲಸ ಇನ್ನೂ ಸಿಕ್ಕಿರದ ವರ್ಷ ಅದು. ಮನೆಯಲ್ಲಿ ಕೂತು ಕಂಡಕಂಡವರ ಮೇಲೆ ಸಿಡುಕುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಬೈಲಹೊಂಗಲದಿಂದ ಹರೆಯದಲ್ಲೇ ಪುಣೆಗೆ ಬಂದು, ಹಡಪಸರದಲ್ಲಿ ಬಟ್ಟೆ ಅಂಗಡಿ ನಡೆಸಿ, ಆಮೇಲೆ ಸಾಸವಡದ ಕಡೆ ಘಾಟಿನ ಮೇಲೊಂದು ಹೊಲ ಮಾಡಿಕೊಂಡು ಅಲ್ಲಿಯೇ ಮನೆ ಕಟ್ಟಿಸಿದವರು ಅವರು. ಅವರ ಹೆಂಡತಿ, ನಮ್ಮ ಕಾಕು, ಫೋನು ಮಾಡಿದರು.

"ವಿಜೂ, ಇವ್ರು ಮಂಚದ ಮ್ಯಾಲೆ ಕೂತು ನನ್ನ ತಲಿ ತಿನ್ನಾಕತ್ತಾರ. ಹೊಲ ನೋಡೋರಿಲ್ಲ, ಇವರ ಬಾಯಿ ಮುಚ್ಚಸೋರೂ ಇಲ್ಲ. ನಾಕ ದಿನ ಬಂದು ಹೋಗವಾ."

ನಾಲ್ಕು ದಿನಕ್ಕೆಂದು ಹೋದವಳು ಬೇಸಿಗೆ ಶುರುವಾಗುವ ತನಕ ಅಲ್ಲಿಯೇ ಉಳಿದೆ.

ಆ ವರ್ಷ ಹಿಂಗಾರಿ ಮಳೆ ಕೈಕೊಟ್ಟಿತ್ತು. ಊರ ಕೆರೆಯಲ್ಲಿ ನೀರು ಹಿಂದೆ ಸರಿದು, ನಡುವೆ ಒಂದು ಮಡು ಮಾತ್ರ ಉಳಿದಿತ್ತು. ಊರ ದನಗಳಿಗೆ ಬೇಸಿಗೆಯ ತನಕ ಅದೇ ಗತಿ. ನಾನು ಹೋಗುವ ಮೊದಲೇ ಊರವರು ಸಭೆ ಸೇರಿ ಠರಾವು ಮಾಡಿಬಿಟ್ಟಿದ್ದರು: ಹೊರಗಿನಿಂದ ಬರುವ ಕುರಿ ಹಿಂಡುಗಳಿಗೆ ಈ ಸಲ ಊರಿನ ನೀರಿಲ್ಲ. ಕೆರೆಯ ಸುತ್ತ ಜಾಲಿಮುಳ್ಳಿನ ಬೇಲಿಯನ್ನೂ ಎಳೆದಿದ್ದರು. ಸಭೆಗೆ ಕಾಕಾ ಊರುಗೋಲು ಹಿಡಿದು ಹೋಗಿದ್ದರಂತೆ. ಹೋಗಿ ಬಾಯಿ ಹೊಲಿದುಕೊಂಡು ಕೂತು ಬಂದರಂತೆ.

"ಮನಿಯಾಗ ಮಾತ್ರ ಸಿಂಹ," ಎಂದು ಕಾಕು ಚುಚ್ಚಿದರು.

"ನಿನಗ ತಿಳಿಯಂಗಿಲ್ಲ ಸುಮ್ಮನಿರು," ಎಂದರು ಕಾಕಾ. "ಎಷ್ಟ ವರ್ಷ ಆದ್ರೂ ಇಲ್ಲಿ ನಾವು ಹೊರಗಿನ ಕನ್ನಡದವರ, 'ಕಾನಡಿ ಶೇಠ'ನ. ಊರು ಒಂದು ಮಾತು ಅಂದಾಗ ನಾ ಇನ್ನೊಂದು ಅಂದ್ರ ನಾಳಿಗೆ ನಮ್ಮ ಹೊಲದ ದಾರಿನೂ ಬಂದ್ ಆಗತದ."

ಬರುವ ಹಿಂಡು ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಅಥಣಿ ಕಡೆಯ ಕುರುಬರ ಒಂದು ಕುಟುಂಬ ನಮ್ಮ ಬಾವಿಯ ಹಿಂದಿನ ಬಯಲಿನಲ್ಲಿ ಇಳಿದುಕೊಳ್ಳುತ್ತಿತ್ತು. ಆ ಸಲವೂ ಬಂದರು. ಮುಂದೆ ಗಂಡ ಸಿದ್ದಪ್ಪ, ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಮಾತೇ ಇಲ್ಲ. ಹಿಂದೆ ಕರಿಯ ಕುರಿಗಳ ಹೊಳೆ. ಅದರ ಹಿಂದೆ ಎರಡು ತಟ್ಟುಕುದುರೆಗಳು. ಅವುಗಳ ಬೆನ್ನ ಮೇಲೆ ಪಾತ್ರೆ, ಹಾಸಿಗೆ, ಬುಟ್ಟಿಯಲ್ಲಿ ಕೋಳಿ, ಬಲೆಯಲ್ಲಿ ಎಳೆಮರಿಗಳು. ಎಲ್ಲರಿಗಿಂತ ಹಿಂದೆ ನಾಯಿಗಳನ್ನೂ ಗಂಡನನ್ನೂ ಒಂದೇ ದನಿಯಲ್ಲಿ ಗದರಿಸುತ್ತ ಲಗಮವ್ವ.

ಲಗಮವ್ವ ಕಾಕುವಿನ ವಯಸ್ಸಿನವಳು. ಬಂದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ತಂಗಿ ಯಾರ್ರೀ ವೈನಿ? ಮಾರಿ ಯಾಕ ಹಿಂಗ ಮಾಡ್ಕೊಂಡೈತಿ, ಯಾರರೆ ಬೈದಾರೇನ?" ಎಂದಳು. ಕೆಲಸ ಹೋಗಿದೆ ಎಂದು ಕಾಕು ಹೇಳಿದರು. "ಕೆಲಸ ಹೋದ್ರ ಹೋಗಲಿ, ನಮ್ಮಲ್ಲಿ ಬೇಕಾದಷ್ಟ ಐತಿ, ಬಾ," ಎಂದು ಒಂದು ಮರಿಯನ್ನು ನನ್ನ ಕೈಗೆ ತುರುಕಿಯೇಬಿಟ್ಟಳು. ಬೆಚ್ಚಗಿನ ಆ ಮರಿ ನನ್ನ ದುಪಟ್ಟಾದ ತುದಿಯನ್ನು ಚೀಪತೊಡಗಿತು. ತಿಂಗಳುಗಳ ಬಳಿಕ ನಾನು ಬಾಯಿ ಬಿಟ್ಟು ನಕ್ಕಿದ್ದು ಆಗ.

ಅಂದಿನಿಂದ ಸಂಜೆಯಾದರೆ ನನ್ನನ್ನು ಮನೆಯಲ್ಲಿ ಹಿಡಿದಿಡಲು ಯಾರಿಂದಲೂ ಆಗುತ್ತಿರಲಿಲ್ಲ. ಹಗಲೆಲ್ಲ ಎಳೆಮರಿಗಳನ್ನು ಬಲೆಯ ದಡ್ಡಿಯಲ್ಲಿ ಕೂಡಿಟ್ಟಿರುತ್ತಾರೆ, ತಾಯಿಕುರಿಗಳು ಮೇಯಲು ಹೋಗಿರುತ್ತವೆ. ಇಳಿಹೊತ್ತಿಗೆ ಹಿಂಡು ಬಂದಾಗ ದಡ್ಡಿ ತೆಗೆಯಬೇಕು. ಅಬ್ಬಾ, ಆ ಗದ್ದಲ! ಮರಿಗಳೆಲ್ಲ ಒಮ್ಮೆಲೇ ನೆಗೆದು, ಸಿಕ್ಕ ಸಿಕ್ಕ ಕೆಚ್ಚಲಿಗೆ ಬಾಯಿ ಹಾಕಿ, ಒದೆ ತಿಂದು, ಕೊನೆಗೆ ತಂತಮ್ಮ ತಾಯಿಯನ್ನೇ ಹುಡುಕಿಕೊಂಡು ಬಾಲ ಕುಣಿಸುವುದು. ಕೆಲವು ದಡ್ಡ ಮರಿಗಳನ್ನು ಎತ್ತಿ ತಾಯಿಯ ಹತ್ತಿರ ಬಿಡುವುದು ನನ್ನ ಕೆಲಸ. ನಾನು ಹತ್ತರಲ್ಲಿ ಎಂಟು ಸಲ ತಪ್ಪುತ್ತಿದ್ದೆ. ಲಗಮವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಬೆಳಿಗ್ಗೆ ಎದ್ದರೆ ಮೈಯೆಲ್ಲ ಕುರಿ ವಾಸನೆ. ಕಾಕು ಅಡುಗೆಮನೆಯ ಹೊಸ್ತಿಲಲ್ಲೇ ತಡೆಯುತ್ತಿದ್ದರು.

ಆದರೆ ನೀರು? ಹಿಂಡಿನಲ್ಲಿ ಅರ್ಧ ಕುರಿಗಳು ಈದಿದ್ದವು, ಇನ್ನರ್ಧ ಇಂದೋ ನಾಳೆಯೋ ಎನ್ನುವಂತಿದ್ದವು. ನೀರಿಲ್ಲದಿದ್ದರೆ ತಾಯಿಗೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿಯಿಲ್ಲ. ಮುಂದಿನ ನೀರು ಘಾಟಿನ ಕೆಳಗೆ, ಹಡಪಸರದ ಕಡೆಯ ಕಾಲುವೆಯಲ್ಲಿ. ಟ್ರಕ್ಕುಗಳ ಆ ಇಳಿಜಾರು ರಸ್ತೆಯಲ್ಲಿ ಎಳೆಮರಿಗಳು ನಡೆಯಲಾರವು. ತಟ್ಟುಗಳ ಮೇಲೆ ಹೊರಿಸುವುದಾದರೂ ಎಷ್ಟನ್ನು? ಹೋದ ವರ್ಷ ಬೇರೊಂದು ಘಾಟಿನಲ್ಲಿ ಹಾಗೆ ಇಳಿಯುವಾಗ ಹಲವು ಮರಿಗಳನ್ನು ಕಳೆದುಕೊಂಡದ್ದನ್ನು ಲಗಮವ್ವ ಒಂದೇ ಒಂದು ಸಲ ಹೇಳಿದಳು. ಆಮೇಲೆ ಆ ಮಾತು ಎತ್ತಲಿಲ್ಲ.

"ಮರಿ ಕಾಲು ಬಲೀಲಿ ತಂಗಿ," ಎಂದಳು. "ಆಮ್ಯಾಲೆ ಈ ಊರವರು ಇರ್ರಿ ಅಂತ ಕಾಲಿಗೆ ಬಿದ್ರೂ ನಾವು ಇರಂಗಿಲ್ಲ."

ಒಂದು ಕಾಲಕ್ಕೆ ಊರವರು ನಿಜವಾಗಿಯೂ ಕಾಲಿಗೆ ಬೀಳುತ್ತಿದ್ದರು. ಪೀಕು ಕೊಯ್ದ ಹೊಲದಲ್ಲಿ ನಾಲ್ಕು ರಾತ್ರಿ ಕುರಿ ನಿಲ್ಲಿಸಿದರೆ ಸಾಕು, ಹಿಕ್ಕೆ ಉಚ್ಚೆಗಳಿಂದ ಆ ನೆಲ ಮುಂದಿನ ಬೆಳೆಗೆ ಹದವಾಗುತ್ತದೆ. ಅದಕ್ಕೆ ಬದಲಾಗಿ ಹೊಲದವನು ಕುರುಬರಿಗೆ ಜೋಳ ಕೊಡಬೇಕು, ಕುರಿಗೆ ನೀರು ಕೊಡಬೇಕು. ಇದು ಹಳೆಯ ಪದ್ಧತಿ. ಆ ವರ್ಷವೂ ಎಲ್ಲರಿಗೂ ಆಸೆಯಿತ್ತು, ಕೆಲವರ ಬಾವಿಯಲ್ಲಿ ನೀರೂ ಇತ್ತು. ಆದರೆ ಊರಿನ ಠರಾವು ಮುರಿದವನೆಂಬ ಕೆಟ್ಟ ಹೆಸರು ಮೊದಲು ಯಾರು ಹೊರಬೇಕು? ನಮ್ಮ ಕಾಕಾ ಅಂತೂ ಬಾವಿಯ ಪಂಪಿನ ಕೀಲಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಕಾಕು ಹಗ್ಗ ಹಾಕಿ ಕೊಡದಲ್ಲಿ ಸೇದಿ ಮರಿಗಳಿಗೂ ಬಾಣಂತಿ ಕುರಿಗಳಿಗೂ ಕುಡಿಸುತ್ತಿದ್ದರು. ಕಾಕಾ ಅದನ್ನು ಕಂಡರೂ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು.

ಕೊಡದ ನೀರು ಹಿಂಡಿಗೆಲ್ಲಿ ಸಾಕು? ಒಂದು ಮಧ್ಯಾಹ್ನ ಬಾಯಾರಿದ ಕುರಿಗಳಿಗೆ ಕೆರೆಯ ಕಡೆಯ ಗಾಳಿ ಬಡಿಯಿತು. ಸಿದ್ದಪ್ಪ ಕೂಗಿದರೂ ನಿಲ್ಲದೆ, ಮುಳ್ಳುಬೇಲಿ ಇಲ್ಲದ ಒಂದೇ ಒಂದು ಕಡೆಯಿಂದ ನುಗ್ಗಿದವು. ಆ ಕಡೆ ಇದ್ದದ್ದು ತಾತ್ಯಾನ ಜೋಳದ ಹೊಲ.

ತಾತ್ಯಾ ಎಂದರೆ ಊರಿನ ದೊಡ್ಡ ರೈತ. ಬಿಳಿ ಟೋಪಿ, ಬುಲೆಟ್ ಗಾಡಿ, ಮೈಕಿಲ್ಲದೆಯೂ ಮೈಕಿನಂಥ ದನಿ. ಠರಾವು ಮಾಡಿಸಿದವನೂ ಅವನೇ. ಕಾಕು ಮತ್ತು ನಾನು ಓಡಿ ಹೋಗುವಷ್ಟರಲ್ಲಿ ಹೊಲದ ಒಂದು ಮೂಲೆ ನೆಲಸಮವಾಗಿತ್ತು, ಊರೇ ನೆರೆದಿತ್ತು. ಯಾರೋ ಕಲ್ಲೆಸೆದರು. ಅದು ಸಿದ್ದಪ್ಪನ ಹಣೆಗೆ ತಾಗಿ ರಕ್ತ ಇಳಿಯಿತು. ಅವನು ಕೋಲನ್ನೂ ಎತ್ತಲಿಲ್ಲ, ಹಿಂದೆಯೂ ಸರಿಯಲಿಲ್ಲ. ಕುರಿಗಳ ಮುಂದೆ ಕೈ ಅಗಲಿಸಿ ನಿಂತ. ಇನ್ನೊಂದು ಕಲ್ಲು ಬಿದ್ದಿದ್ದರೆ ಅಂದು ಏನಾಗುತ್ತಿತ್ತೋ ದೇವರೇ ಬಲ್ಲ.

ರಕ್ತ ಕಂಡು ತಾತ್ಯಾನೇ ಬೆಚ್ಚಿದ. "ಯಾರವ ಕಲ್ಲು ಒಗದಾಂವ? ಕೈ ಮುರೀತೀನಿ!" ಎಂದು ತನ್ನವರ ಮೇಲೆಯೇ ಗರ್ಜಿಸಿದ. ಊರವರ ಮಾತೆಲ್ಲ ಮರಾಠಿಯೇ. ನನ್ನ ನೆನಪಿನಲ್ಲಿ ಮಾತ್ರ ಅವು ಕನ್ನಡವಾಗಿ ಕುಳಿತಿವೆ. "ಕಾಯ್ದೆ ಅದ ನಮ್ಮ ಹತ್ರ. ಕುರಿ ಜಪ್ತಿ ಮಾಡ್ರಿ. ನುಕ್ಸಾನ ತುಂಬಿಕೊಟ್ಟ ಮ್ಯಾಲೆ ಬಿಡೋಣು."

ಜಪ್ತಿ ಮಾಡಿ ಎಲ್ಲಿಡುವುದು? ಪರರ ಹೊಲ ಹೊಕ್ಕ ದನಗಳನ್ನು ಕೂಡಿಹಾಕುತ್ತಿದ್ದ ಊರಿನ ಕೊಂಡವಾಡ ಎಂದೋ ಬಿದ್ದುಹೋಗಿ, ಆ ಜಾಗದಲ್ಲಿ ತರುಣ ಮಂಡಳಿಯವರು ಜಿಮ್ ಕಟ್ಟಿದ್ದರು. ಕುರಿಗಳನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸುವಂತಿರಲಿಲ್ಲ. ತಂತಿ ಬೇಲಿ ಇದ್ದ ಖಾಲಿ ಜಾಗ ಒಂದೇ: ಸಜ್ಜೆ ಕೊಯ್ದು ಬರಿದಾಗಿದ್ದ ತಾತ್ಯಾನ ಇನ್ನೊಂದು ಹೊಲ. "ನನ್ನ ಹೊಲದಾಗ ಹಾಕ್ರಿ!" ಎಂದು ತಾತ್ಯಾ ಸಿಟ್ಟಿನಲ್ಲಿ ಕೈ ಬೀಸಿದ.

ಲಗಮವ್ವ ಎದೆ ಬಡಿದುಕೊಂಡು ಅಳತೊಡಗಿದಳು. ಅಚ್ಚ ಮರಾಠಿಯಲ್ಲಿ, "ಬೇಡ್ರೋ ಅಪ್ಪಗಳಿರಾ, ಕುರಿ ಹಿಡೀಬ್ಯಾಡ್ರೋ, ಬಡವರನ್ನ ಬಿಡ್ರೋ," ಎಂದು ಊರು ಕೇಳುವಂತೆ ಗೋಳಾಡಿದಳು. ನನಗೂ ಅಳು ಬಂತು, ಅವಳ ಹೆಗಲು ಹಿಡಿದೆ. ಆಗ ಅವಳು ಸೆರಗಿನೊಳಗಿಂದ, ಒಂದು ಹನಿಯೂ ಇಲ್ಲದ ಕಣ್ಣಿನಿಂದ ನನ್ನನ್ನು ನೋಡಿ, ಕನ್ನಡದಲ್ಲಿ ಮೆಲ್ಲಗೆ ಹೇಳಿದಳು:

"ನೀ ಯಾಕ ಅಳ್ತಿ, ಹುಚ್ಚಿ? ಕುರಿ ಕಟ್ಟಿಹಾಕಿದಾಂವನ ಅವಕ್ಕ ನೀರು ಕುಡಿಸ್ಬೇಕು. ಅದೂ ಕಾಯ್ದೆನ."

ಹೇಳಿದವಳೇ ಮತ್ತೆ ಮರಾಠಿಗೆ ತಿರುಗಿ ಎದೆ ಬಡಿದುಕೊಂಡಳು. ನಾನು ನಗು ತಡೆಯಲಾರದೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೆ. ನೋಡಿದವರು ನಾನೂ ಅಳುತ್ತಿದ್ದೇನೆಂದುಕೊಂಡರು.

ಕಾಕು ಸಿದ್ದಪ್ಪನ ಹಣೆಗೆ ಅರಿಶಿನ ಒತ್ತಿ ಪಟ್ಟಿ ಕಟ್ಟಿದರು. ಕುರಿಗಳು ಆ ಸಂಜೆ ತಾತ್ಯಾನ ಹೊಲ ಸೇರಿದವು. ಮರಿಗಳನ್ನೂ ಅಲ್ಲಿಗೇ ಸಾಗಿಸಿದೆವು. ಕೆರೆಯಲ್ಲಿ ಹೇಗೋ ಅಂದಿನ ಮಟ್ಟಿಗೆ ಬಾಯಿ ತೋಯಿಸಿಕೊಂಡಿದ್ದವು. ಆದರೆ ನಾಳೆಯ ಗತಿ ತಾತ್ಯಾನ ಕೈಯಲ್ಲಿತ್ತು, ಅವನು ನೀರಿನ ಮಾತೇ ಎತ್ತಿರಲಿಲ್ಲ.

ಮರುದಿನ ಬೆಳಗಾಗುತ್ತಲೇ ನಾನೂ ಕಾಕೂ ಅಲ್ಲಿಗೆ ಹೋದೆವು. ಹೊಲದ ತುಂಬ ಹಿಕ್ಕೆಯ ಹಾಸಿಗೆ. ರಾತ್ರಿ ಐದಾರು ಕುರಿಗಳು ಈದಿದ್ದವು. ಬೇಲಿಯ ಹತ್ತಿರ ಒದ್ದೆ ಒದ್ದೆ ಮರಿಗಳು ಏಳುತ್ತ ಬೀಳುತ್ತ ಇದ್ದವು. ಬೇಲಿಯಾಚೆ ನಿಂತವರು ಇಬ್ಬರು. ಒಬ್ಬ ತಾತ್ಯಾನ ಪಕ್ಕದ ಹೊಲದ ನಾನಾ. ಇನ್ನೊಬ್ಬರು ತಾತ್ಯಾನ ತಾಯಿ, ಊರೆಲ್ಲ ಆಜಿ ಎಂದು ಕರೆಯುವ ಹಣ್ಣುಮುದುಕಿ, ಕೈಯಲ್ಲಿ ಬೆಲ್ಲ ಹಾಕಿದ ಸಜ್ಜೆಯ ಗಂಜಿಯ ಬೋಗುಣಿ.

ಬುಲೆಟ್ಟಿನಿಂದ ಇಳಿದ ತಾತ್ಯಾನಿಗೆ ಮೊದಲು ಸಿಕ್ಕಿದ್ದು ಆಜಿ. "ಹೊಲದಾಗ ಬಾಣಂತನ ಆಗ್ಯಾವಲ್ಲೋ! ನಿನ್ನ ಹೊಲದಾಗ ಹಡದಾರಂದ್ರ ನಿನ್ನ ಮನ್ಯಾಗ ಹಡದಂಗ. ಬಾಣಂತಿಗೆ ನೀರು ಕೊಡಂಗಿಲ್ಲಂತ ಠರಾವು ಮಾಡೀಯೇನು? ಯಾವ ಬಾಯಿಲೆ ಮಾಡಿದಿ?"

ತಾತ್ಯಾ ಬಾಯಿ ತೆರೆಯುವ ಮೊದಲೇ ನಾನಾ ಶುರುಮಾಡಿದ. "ತಾತ್ಯಾ, ಭಾಳ ಶಾಣ್ಯಾ ಇದ್ದೀಪಾ ನೀನು. ಠರಾವು ಮಾಡಿ ನಮ್ಮನ್ನೆಲ್ಲ ಕೈ ಕಟ್ಟಿ ಕೂಡಿಸಿದಿ. ಜಪ್ತಿ ಅಂತ ಹೆಸರು ಹೇಳಿ ಫುಕಟ್ ಕುರಿ ನಿಲ್ಲಿಸಿಕೊಂಡಿ!"

ತಾತ್ಯಾ ಕೆಳಗೆ ನೋಡಿದ. ಸಿಟ್ಟಿನಲ್ಲಿ ತಾನು ಏನು ಮಾಡಿದ್ದೇನೆಂಬುದು ಅವನಿಗೆ ಆಗ ಹೊಳೆಯಿತು. ಶಿಕ್ಷೆಯೆಂದು ಕೊಟ್ಟದ್ದು ತನ್ನ ಹೊಲಕ್ಕೇ ಬಾಗಿನವಾಗಿ ಬಿದ್ದಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಟೋಪಿ ತೆಗೆದು ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡು, ಗಂಟಲು ಸರಿಪಡಿಸಿಕೊಂಡು ಹೇಳಿದ: "ಕಾಯ್ದೆ ಅಂದ್ರ ಕಾಯ್ದೆ. ಜಪ್ತಿ ಮಾಡಿದ ಜೀವಕ್ಕ ನೀರು ಕುಡಿಸೋದು ನಮ್ಮ ಮ್ಯಾಲದ. ಕೆರಿ ನೀರು ಮುಟ್ಟಬ್ಯಾಡ್ರಿ. ನನ್ನ ಬಾವಿ ಪಂಪು ಚಾಲೂ ಮಾಡ್ರಿ."

ಪೈಪಿನಿಂದ ನೀರು ದನ ಕುಡಿಯುವ ಕಲ್ಲಿನ ದೋಣಿಗೆ ಬಿದ್ದಾಗ ಹಿಂಡೆಲ್ಲ ತಲೆ ತಗ್ಗಿಸಿ ಕುಡಿಯುವ ಆ ಸದ್ದು! ಸಿದ್ದಪ್ಪ ಮೊದಲ ಬಾರಿ ನನ್ನೆದುರು ಮಾತಾಡಿದ. "ಕುಡೀಲಿ," ಎಂದ, ಅಷ್ಟೇ.

ಆಮೇಲೆ ನಡೆದದ್ದನ್ನು ಹೇಳಿದರೆ ಕೋಥರೂಡದಲ್ಲಿ ಯಾರೂ ನಂಬುವುದಿಲ್ಲ. ನುಕ್ಸಾನವಾದವನಿಗೆ ಜಪ್ತಿಯ ಹಕ್ಕು ಇದೆಯೆಂದಾದ ಮೇಲೆ ಊರಿನಲ್ಲಿ ನುಕ್ಸಾನವಾಗದವರೇ ಉಳಿಯಲಿಲ್ಲ. ನಾನಾ ಅಂದು ಮಧ್ಯಾಹ್ನವೇ ಜೋಳದ ಒಂದು ದಂಟನ್ನು ಹಿಡಿದುಕೊಂಡು ಬಂದ. "ಇದನ್ನ ಕುರಿ ತಿಂದದ. ನಂದೂ ಜಪ್ತಿ ಅದ." ದಂಟನ್ನು ತಿರುಗಿಸಿ ನೋಡಿದ ಲಗಮವ್ವ, "ನಮ್ಮ ಕುರಿ ಕುಡುಗೋಲು ಹಿಡ್ಕೊಂಡು ತಿನ್ನಂಗಿಲ್ಲರೀ," ಎಂದಳು. ನೆರೆದವರೆಲ್ಲ ಘೊಳ್ಳೆಂದು ನಕ್ಕರು, ನಾನಾನೂ ನಕ್ಕ, ಆದರೆ ದಂಟು ಬಿಡಲಿಲ್ಲ. ಕಡೆಗೆ ತಾತ್ಯಾನೇ ಕಟ್ಟೆಯ ಮೇಲೆ ಕೂತು ಪಾಳಿ ಹಚ್ಚಿದ: ಒಬ್ಬೊಬ್ಬರ ಹೊಲದಲ್ಲಿ ಕುರಿಗಳಿಗೆ ಸೆರೆವಾಸ, ಹಿಡಿದವನದೇ ಬಾವಿ, ಹಿಡಿದವನದೇ ನೀರು, ಬಾವಿ ಬತ್ತಿದವನು ಟ್ಯಾಂಕರು ತರಲಿ. ಕೆರೆಯ ಮಡುವಿಗೆ ಯಾರೂ ಕೈಹಚ್ಚಬೇಕಾಗಲಿಲ್ಲ. ಠರಾವು ಮುರಿಯಲಿಲ್ಲ, ಯಾರ ಮುಖಕ್ಕೂ ಮಸಿ ಹತ್ತಲಿಲ್ಲ.

ಈ ಸುದ್ದಿ ಹೇಳಿದಾಗ ಕಾಕಾ ಮಂಚದ ಮೇಲೆ ಎದ್ದು ಕೂತರು. "ವಿಜೂ, ಓಡು! ನಮ್ಮ ಜ್ವಾಳಾನೂ ತಿಂದಾವಂತ ಹೇಳು!"

"ನಮ್ಮ ಹೊಲದಾಗ ಜ್ವಾಳ ಎಲ್ಲದರೀ?" ಎಂದರು ಕಾಕು.

"ಹಂಗಾರ ಅಂಜೂರದ ಗಿಡ ತಿಂದಾವಂತ ಹೇಳು!"

ನಾನು ಹೋಗಿ ಅಂಜೂರದ ಸುಳ್ಳು ಹೇಳಿದೆ. ತಾತ್ಯಾ ನಕ್ಕು ನಮಗೂ ಪಾಳಿ ಕೊಟ್ಟ, ಎಲ್ಲರಿಗಿಂತ ಕೊನೆಗೆ.

ಹಾಗೆ ಆ ಚಳಿಗಾಲವೆಲ್ಲ ಕುರಿಗಳು ಸೆರೆಮನೆಯಿಂದ ಸೆರೆಮನೆಗೆ ಮೆರವಣಿಗೆ ಹೋದವು. ಹೊಸ ಹೊಲಕ್ಕೆ ಹಿಂಡು ಬರುವ ದಿನ ಆ ಮನೆಯ ಹೆಂಗಸರು ಬಾಗಿಲಲ್ಲಿ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದರು. ಲಗಮವ್ವನ ಒಲೆಯ ಮುಂದೆ ರೊಟ್ಟಿ ಪಲ್ಯಗಳ ಅದಲುಬದಲು. ಕಲ್ಲೆಸೆದವನು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅವನೇ ಒಂದು ದಿನ ಸಿದ್ದಪ್ಪನ ಹತ್ತಿರ ಕೂತು ಬೀಡಿ ಹಚ್ಚಿಕೊಟ್ಟ. ಸಿದ್ದಪ್ಪ ಬೀಡಿ ತೆಗೆದುಕೊಂಡ. ನಾನೂ ಪ್ರತಿ ಸಂಜೆ ಹೊಸ ಹೊಲದಲ್ಲಿ ಹಳೆಯ ತಪ್ಪುಗಳನ್ನೇ ಮಾಡುತ್ತ ಮರಿಗಳನ್ನು ಬೇರೆಯವರ ತಾಯಿಗೆ ಬಿಡುತ್ತಿದ್ದೆ. ಕೆಲಸ ಹೋದದ್ದು ನೆನಪಾಗುತ್ತಿರಲಿಲ್ಲ. ಅಷ್ಟು ಸುಖವಾಗಿದ್ದೆ.

ನಮ್ಮ ಪಾಳಿ ಬಂದ ಬೆಳಿಗ್ಗೆ ಕಾಕಾ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡರು. ತಾತ್ಯಾನೂ ಊರವರು ನಾಲ್ಕಾರು ಜನರೂ ಹಿಂಡಿನ ಜೊತೆ ಬಂದಿದ್ದರು. ಕಾಕಾ ಪಂಪಿನ ಕೀಲಿಯನ್ನು ಲಗಮವ್ವನ ಕೈಗೇ ಕೊಟ್ಟರು.

"ತಾತ್ಯಾ," ಎಂದರು, "ಅವತ್ತು ಸಭಾದಾಗ ನಾ ಒಂದು ಮಾತು ಆಡಬೇಕಾಗಿತ್ತು. ನನ್ನ ಬಾವ್ಯಾಗ ನೀರು ಅದ, ನಾ ಕೊಡ್ತೀನಿ ಅಂತ. ಹೆದರಿ ಆಡಲಿಲ್ಲ."

ತಾತ್ಯಾ ಕಾಕಾನ ಪ್ಲಾಸ್ಟರಿನ ಮೇಲೆ ಮೆಲ್ಲಗೆ ಬಡಿದ. "ಶೇಠ, ನೀವು ಆಡಿದ್ರ ನಾ ಜಗಳಾ ಮಾಡತಿದ್ದೆ. ಆದರ ಮನ್ಯಾಗ ಹೋಗಿ ನಿದ್ದಿ ಮಾಡತಿದ್ದೆ. ಅವತ್ತಿಂದ ನನಗೂ ನಿದ್ದಿ ಬಂದಿದ್ದಿಲ್ಲ."

ಬಿಸಿಲು ಏರತೊಡಗಿತ್ತು, ಮರಿಗಳ ಕಾಲು ಬಲಿತಿದ್ದವು. ಒಂದು ಬೆಳಿಗ್ಗೆ ಲಗಮವ್ವ ಬಲೆ ಮಡಚಿದಳು. ಹೋಗುವ ಮೊದಲು ಗಂಡ ಹೆಂಡತಿ ಇಬ್ಬರೂ ಒಂದು ಒಳ್ಳೆಯ ಟಗರುಮರಿಯನ್ನು ಹಿಡಿದುಕೊಂಡು ತಾತ್ಯಾನ ಮನೆಗೆ ಹೋದರು. ಮೂಲೆಯ ಜೋಳ ನಿಜವಾಗಿ ಹಾಳಾಗಿತ್ತಲ್ಲ. ತಾತ್ಯಾ ಮರಿಯನ್ನು ಮುಟ್ಟಲಿಲ್ಲ. ಆಜಿ ಲಗಮವ್ವನನ್ನು ಮಣೆಯ ಮೇಲೆ ಕೂರಿಸಿ, ಕುಪ್ಪಸದ ಖಣ ಕೊಟ್ಟು ಉಡಿ ತುಂಬಿದರು. "ಬಾಣಂತನ ಮಾಡಿಸಿಕೊಂಡು ಹೊಂಟ ಮಗಳನ್ನ ಬರೇ ಉಡಿಲೆ ಕಳಸ್ತಾರೇನು?" ಎಂದರು. ಊರೆದುರು ಎದೆ ಬಡಿದುಕೊಂಡು ಒಂದು ಹನಿ ಸುರಿಸದಿದ್ದ ಲಗಮವ್ವ, ಅಲ್ಲಿ ಸದ್ದಿಲ್ಲದೆ ಗಳಗಳ ಅತ್ತಳು.

ಘಾಟಿನ ತನಕ ಕಳಿಸಿಬರಲು ಕಾಕೂ ನಾನೂ ಹೋದೆವು. ಬಲೆಯಲ್ಲಿ ಒಂದು ಮರಿಯೂ ಇರಲಿಲ್ಲ. ಎಲ್ಲವೂ ತಾಯಿಯ ಪಕ್ಕದಲ್ಲಿ ತಮ್ಮ ಕಾಲ ಮೇಲೆ ನಡೆಯುತ್ತಿದ್ದವು. ಆದರೂ ಘಾಟಿನ ಮೊದಲ ತಿರುವು ಹತ್ತಿರ ಬಂದಂತೆ ಲಗಮವ್ವ ಮರಿಗಳನ್ನು ರಸ್ತೆಯ ಅಂಚಿಗೆ ಸರಿಸತೊಡಗಿದಳು. ಹಡಪಸರದ ಕಡೆಯಿಂದ ಟ್ರಕ್ಕುಗಳು ಹೊಗೆಯುಗುಳುತ್ತ ಏರಿಬರುತ್ತಿದ್ದವು, ಮೇಲಿನಿಂದ ಇನ್ನಷ್ಟು ಇಳಿಯುತ್ತಿದ್ದವು. ಅವಳು ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತಿರುವು ದಾಟಿದರೆ ರಸ್ತೆಯ ನಟ್ಟನಡುವೆ ಬುಲೆಟ್ಟು ಅಡ್ಡ ನಿಂತಿತ್ತು. ಅದರ ಮುಂದೆ ತಾತ್ಯಾ, ಬಿಳಿ ಟೋಪಿ, ಎರಡೂ ಕೈ ಅಗಲಿಸಿಕೊಂಡು. ಎರಡೂ ಕಡೆ ಟ್ರಕ್ಕುಗಳ ಸಾಲು, ಕಾರುಗಳ ಸಾಲು, ಕಿವಿ ಕಿತ್ತುಹೋಗುವಂತೆ ಹಾರ್ನು. ಡ್ರೈವರನೊಬ್ಬ ಕಿಟಕಿಯಿಂದ ಕತ್ತು ಚಾಚಿ ಬೈಯುತ್ತಿದ್ದ. ತಾತ್ಯಾ ಆ ಎಲ್ಲ ಹಾರ್ನುಗಳಿಗಿಂತ ಮೇಲೆ ದನಿ ಎತ್ತಿ ಕೂಗಿದ:

"ಒದರಬ್ಯಾಡ! ನಮ್ಮ ಕುರಿ ಇಳಿಯಾಕತ್ತಾವ, ಕಾಣಂಗಿಲ್ಲೇನು?"